ಬೋನ್ಸಾಯ್‌ ಕಟ್ಟೆ: ಫರ್ಸಿ ಕೆಳಗಿರಲಿ, ಕಟ್ಟಿಗೆ ಮೇಲಿರಲಿ

ಕಲಬುರಗಿಯಲ್ಲಿ ಫರ್ಸಿಗೆ ಬರ ಇಲ್ಲ. ಶಹಾಬಾದ್, ಚಿತ್ತಾಪುರ ಕಡೆಯಿಂದ ಬರುವ ಈ ಕಲ್ಲು ನೆಲಕ್ಕೂ ಆಯಿತು, ಅಡುಗೆ ಕಟ್ಟೆಗೂ ಆಯಿತು. ಮಾಳಿಗೆ ಮೇಲೆ, ಕುಂಡದಲ್ಲೇ ಕುಳ್ಳಾಗಿ ಬೆಳೆಸುವ ಮರ ಅಂದರೆ ಬೋನ್ಸಾಯ್‌ಗೊಂದು ಸ್ಟ್ಯಾಂಡ್ ಬೇಕು ಅನಿಸಿದಾಗ ನಾನೂ ಎರಡು ಕಡೆ ಇಟ್ಟಿಗೆ ಪೇರಿಸಿ, ಮೇಲೊಂದು ಫರ್ಸಿ ಎಳೆದು ಕೈ ತೊಳೆದುಕೊಂಡಿದ್ದೆ. ಚಂದವೇ ಇತ್ತು, ಏಪ್ರಿಲ್‌ವರೆಗೆ. ಮೇ ತಿಂಗಳಲ್ಲಿ ನಮ್ಮಲ್ಲಿ 42–43 ಡಿಗ್ರಿ ಮಾಮೂಲಿ, ಅಲ್ವಾ? ಮಧ್ಯಾಹ್ನ ಆ ಕಲ್ಲಿನ ಮೇಲೆ ಅಂಗೈ ಊರಲು ಆಗುತ್ತಿರಲಿಲ್ಲ. ಎರಡಿಂಚು ಆಳದ ಕುಂಡದಲ್ಲಿದ್ದ ಹುಣಸೆಯ ಬೇರು ಅದರ ಮೇಲೆ ಬೆಂದೇ ಹೋಯಿತು.

ಈಗಿನ ಕಟ್ಟೆಯಲ್ಲಿ ಕಲ್ಲು ಕೆಳಗೆ, ಕಟ್ಟಿಗೆ ಮೇಲೆ. ಪಟ್ಟಿಗಳ ನಡುವಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಕುಂಡದ ತಳದಿಂದ ನೀರು ಸಲೀಸಾಗಿ ಇಳಿಯುತ್ತದೆ. ಜಪಾನಿನ ಮನೆಗಳಲ್ಲಿ ಟೋಕೊನೋಮಾ ಎಂಬ ಗೂಡಿನಲ್ಲಿ ನುಣುಪು ಮೇಜಿನ ಮೇಲೆ ಗಿಡ ಇಟ್ಟು ತೋರಿಸುವುದು ಒಂದೆರಡು ದಿನದ ಮಾತು. ಉಳಿದ ದಿನವೆಲ್ಲ ಅದೂ ಹೊರಗೇ ಇರಬೇಕು.

ಏನೇನು ಬೇಕು

16 ಇಂಚು ಉದ್ದ, 8 ಇಂಚು ಅಗಲ, 8 ಇಂಚು ಎತ್ತರದ ಟೊಳ್ಳು ಸಿಮೆಂಟ್ ಬ್ಲಾಕ್ ಆರು. ಅದೇ ಉದ್ದಗಲದ, ಒಂದಿಂಚು ದಪ್ಪದ ಫರ್ಸಿ ತುಂಡು ಎರಡು. ಹೊಸ ಫರ್ಸಿ ಕೊಳ್ಳಬೇಡಿ, ಅಂಗಡಿಯವರ ಹತ್ತಿರ ಒಡಕು ತುಂಡು ಬಿದ್ದಿರುತ್ತವೆ. ಎರಡಿಂಚು ಅಗಲ, ಒಂದಿಂಚು ದಪ್ಪ, ನಾಲ್ಕಡಿ ಉದ್ದದ ಪಟ್ಟಿ ಏಳು. ಅಡ್ಡ ಹಾಕಲು ಎರಡಿಂಚು ಚೌಕದ, 17 ಇಂಚು ಉದ್ದದ ರೀಪು ಮೂರು. ಎರಡಿಂಚಿನ ಸ್ಟೀಲ್ ಸ್ಕ್ರೂ 42.

ಕಟ್ಟಿಗೆ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಸುಮ್ನೆ ಸಿಗುತ್ತದೆ, ಸುಮ್ನೆ ಕೊಳೆತೂ ಹೋಗುತ್ತದೆ. ಹಳೆ ಮಣ್ಣಿನ ಮಾಳಿಗೆ ಮನೆ ಕೆಡವುವಾಗ ಸಾಗವಾನಿ ಜಂತಿ ಸಿಕ್ಕರೆ ಬಿಡಬೇಡಿ. ಮೊಳೆ ಎಲ್ಲ ಕಿತ್ತ ಮೇಲೆ ಸಾಮಿಲ್‌ಗೆ ಒಯ್ಯಿರಿ. ಒಂದು ಮೊಳೆ ಉಳಿದರೂ ಅವರ ಗರಗಸ ಹಾಳು, ನಿಮ್ಮ ಮರ್ಯಾದೆಯೂ ಹಾಳು.

ಜೋಡಿಸುವುದು

ಮೂರು ರೀಪುಗಳನ್ನು ನೆಲದ ಮೇಲಿಡಿ. ಎರಡು ತುದಿಯಿಂದ ಅರ್ಧರ್ಧ ಅಡಿ ಒಳಗೆ ಒಂದೊಂದು, ನಡುವೆ ಒಂದು. ಅದರ ಮೇಲೆ ಪಟ್ಟಿ ಕೂಡಿಸಿ. ಪಟ್ಟಿಗಳ ನಡುವೆ ಅರ್ಧ ಇಂಚು ಸಂದಿ ಬೇಕು. ಟೇಪ್ ಹಿಡಿದು ಒದ್ದಾಡಬೇಡಿ, 12 ಎಂಎಂ ಸರಳಿನ ತುಂಡು ಇಟ್ಟು ಒತ್ತಿದರೆ ಸಾಕು. ಏಳು ಪಟ್ಟಿ, ಆರು ಸಂದಿ ಸೇರಿ ಸರಿಯಾಗಿ 17 ಇಂಚು ಬರುತ್ತದೆ. ಪ್ರತಿ ಕೂಡಿಕೆಗೆ ಎರಡು ಸ್ಕ್ರೂ. ಮೊದಲು ಸಣ್ಣ ತೂತು ಕೊರೆಯಿರಿ, ಹಳೆ ಸಾಗವಾನಿ ಬಹಳ ಬೇಗ ಸೀಳುತ್ತದೆ.

ಬಣ್ಣ ಬೇಡ, ಅಗಸೆ ಎಣ್ಣೆ ಹಚ್ಚಿ. ಪಟ್ಟಿಯ ತುದಿಗಳಿಗೆ ಜಾಸ್ತಿ ಹಚ್ಚಿ, ನೀರು ಒಳಗೆ ಹೋಗುವುದು ಅಲ್ಲಿಂದಲೇ. ಮೊದಲ ಸಲ ಹಚ್ಚಿದ್ದು ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆ ಬಟ್ಟೆಗೆ ತಾನೇ ಬೆಂಕಿ ಹತ್ತಬಹುದು. ನೀರಿನ ಬಕೆಟ್‌ನಲ್ಲಿ ಅದ್ದಿಡಿ.

ಬ್ಲಾಕ್‌ಗಳನ್ನು ಮೂರು ಮೂರರಂತೆ ಅಡ್ಡ ಮಲಗಿಸಿ, ನಡುವೆ ತೆಳು ಸಿಮೆಂಟ್ ಹಾಕಿ ಎರಡು ಕಾಲು ಕಟ್ಟಿ. ಮಾಳಿಗೆಯ ನಡುವೆ ಬೇಡ, ಕೆಳಗೆ ಗೋಡೆ ಇರುವ ಕಡೆ ಇಡಿ. ಎರಡು ಕಾಲಿನ ನಡುಭಾಗಕ್ಕೂ ನಡುಭಾಗಕ್ಕೂ ಮೂರಡಿ ದೂರ. ತಲೆಗೆ ಫರ್ಸಿ, ಅದರ ಮೇಲೆ ತುದಿಯ ರೀಪುಗಳು ಕೂರಲಿ. ಕಲ್ಲು ಇದ್ದರೆ ಬ್ಲಾಕ್‌ ಹೀರಿದ ನೀರು ಕಟ್ಟಿಗೆಗೆ ಹತ್ತುವುದಿಲ್ಲ. ಒಟ್ಟು ಎತ್ತರ 28 ಇಂಚು. ಮಾಳಿಗೆಗೆ ಇಳಿಜಾರು ಇದ್ದೇ ಇರುತ್ತದೆ, ಆದ್ದರಿಂದ ಸಿಮೆಂಟ್ ಹಾಕುವಾಗಲೇ ಮಟ್ಟ ನೋಡಿ. ಕಟ್ಟೆ ವಾಲಿದರೆ ಕುಂಡದ ನೀರೆಲ್ಲ ಒಂದೇ ಬದಿಗೆ ಹರಿಯುತ್ತದೆ.

ಅಂಗಳದಲ್ಲಿ ಇಡುವವರ ಕಷ್ಟ ಬೇರೆ. ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಕಾಲು ಒಂದೊಂದು ದಿಕ್ಕಿಗೆ ವಾಲುತ್ತದೆ. ಕಾಲು ಬರುವ ಕಡೆ ಒಂದಡಿ ಮಣ್ಣು ತೆಗೆದು, ಮುರುಮ್ (ಗರಸು ಮಣ್ಣು) ತುಂಬಿ, ನೀರು ಹಾಕಿ ದಮ್ಮಸ್ಸು ಮಾಡಿ. ಗೆದ್ದಲು ಬ್ಲಾಕ್ ಹತ್ತಿಯೇ ಬರುತ್ತದೆ, ಆಗಾಗ ಬಗ್ಗಿ ನೋಡಿ.

ಗಿಡ ಇಡುವ ಮುಂಚೆ

ಜೂನ್ ಗಾಳಿಗೆ ಎಲೆ ತುಂಬಿದ ಆಲದ ಬೋನ್ಸಾಯ್ ಹಾಯಿಯಂತೆ ಉಬ್ಬಿ ಬೀಳುತ್ತದೆ. ಕುಂಡದ ಮೇಲೆ ತಂತಿ ಹಾಯಿಸಿ, ಸಂದಿಯಿಂದ ಕೆಳಗಿಳಿಸಿ, ಪಟ್ಟಿಗೆ ಸುತ್ತಿ ತಿರುಚಿ. ಗಾಳಿಗೆ ಇದು ಸಾಕು. ಕೋತಿಗೆ ಸಾಲದು, ಅದಕ್ಕೆ ನನಗಿನ್ನೂ ಉಪಾಯ ಸಿಕ್ಕಿಲ್ಲ. ಮಾರ್ಚ್‌ನಿಂದ ಮೇ ಮುಗಿಯುವವರೆಗೆ ಮೇಲೆ ಹಸಿರು ಬಲೆ ಕಟ್ಟಿ, ಪಡುವಣ ಬಿಸಿಲು ತಪ್ಪಿದರೆ ಅರ್ಧ ಗೆದ್ದ ಹಾಗೆ.

ಕೊನೆಗೆ ಖಾಲಿ ಕಟ್ಟೆಯ ಮೇಲೆ ಒಂದು ಬಕೆಟ್ ನೀರು ಸುರಿದು, ಅದು ಎಲ್ಲಿಗೆ ಹರಿಯುತ್ತದೆ ನೋಡಿ. ಕೆಳಮನೆಯವರು ಒಣಹಾಕಿದ ಬಟ್ಟೆ ಮೇಲೆ ಬಿದ್ದರೆ ಅವತ್ತೇ ಜಾಗ ಬದಲಿಸಿ.