ಕುರಿಗೂ ಜಿಂಕೆಗೂ ಬೇಸಿಗೆಯ ಹುಲ್ಲು ಉಳಿಸುವುದು ಹೇಗೆ?

ನಿಮ್ಮೂರಿನ ಗೋಮಾಳದಲ್ಲಿ ದನ, ಕುರಿ ಮೇಯುತ್ತವೆ. ಅಲ್ಲೇ ಜಿಂಕೆಗಳೂ ಮೇಯುತ್ತವೆ. ಜಿಂಕೆ ಅಂದರೆ ಇಲ್ಲಿ ಕೃಷ್ಣಮೃಗ. ಬಯಲುಸೀಮೆಯಲ್ಲಿ ನಾವೆಲ್ಲ ಕರೆಯುವುದೇ ಹಾಗೆ, ಉತ್ತರದ ಕಡೆಯವರು ಚಿಗರಿ ಅನ್ನುತ್ತಾರೆ. ಮಳೆ ಕೈಕೊಟ್ಟ ವರ್ಷ ಊರಲ್ಲಿ ಎರಡು ಮಾತು ಕೇಳಿಬರುತ್ತವೆ. ಜಿಂಕೆ ಜಾಸ್ತಿಯಾಗಿ ಕುರಿಗೆ ಮೇವಿಲ್ಲ ಅಂತ ಕೆಲವರು. ಕುರಿ ಓಡಿಸಿದರೆ ಜಿಂಕೆ ಬದುಕುತ್ತವೆ ಅಂತ ಇನ್ನು ಕೆಲವರು. ಇಬ್ಬರೂ ತಲೆ ಎಣಿಸುತ್ತಾರೆ, ತಿಂಗಳು ಎಣಿಸುವುದಿಲ್ಲ.

ತಿಂಗಳು ಎಣಿಸಿ ನೋಡಿ. ಆಷಾಢದಿಂದ ದೀಪಾವಳಿವರೆಗೆ ಹುಲ್ಲಿಗೆ ಅಂಥ ಕೊರತೆ ಇರುವುದಿಲ್ಲ. ಜಗಳ ಹುಟ್ಟುವುದು ಸಂಕ್ರಾಂತಿ ಕಳೆದ ಮೇಲೆ. ಕೀನ್ಯಾದ ಲೈಕಿಪಿಯಾ ಹುಲ್ಲುಗಾವಲಿನಲ್ಲಿ ಬೇಲಿ ಹಾಕಿ, ಕೆಲವು ಕಡೆ ದನ ಮಾತ್ರ, ಕೆಲವು ಕಡೆ ದನ ಮತ್ತು ಜೀಬ್ರಾದಂಥ ಕಾಡುಪ್ರಾಣಿ ಎರಡನ್ನೂ ಬಿಟ್ಟು ನೋಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಒಣಗಾಲದಲ್ಲಿ ಕಾಡುಪ್ರಾಣಿ ಜೊತೆ ಮೇಯ್ದ ದನಗಳ ತೂಕ ಕಡಿಮೆ ಏರಿತು. ಮಳೆಗಾಲದಲ್ಲಿ ಉಲ್ಟಾ, ಜೊತೆಗೆ ಮೇಯ್ದ ದನಗಳೇ ಚೆನ್ನಾಗಿ ಮೈತುಂಬಿಕೊಂಡವು. ಒರಟು ಹಳೆ ದಂಟನ್ನು ಜೀಬ್ರಾ ತಿಂದುಹಾಕುತ್ತದೆ, ಅಡಿಯ ಎಳೆ ಹುಲ್ಲು ದನಕ್ಕೆ ಸಿಗುತ್ತದೆ.

ಈ ತಿಂಗಳ ಲೆಕ್ಕ ನಮ್ಮಲ್ಲಿ ಹಳೆಯದೇ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಗೆ, ಅಂದರೆ ಅರಮನೆಯ ದನಗಳ ಇಲಾಖೆಗೆ, ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. ಆ ದನಗಳಿಗೆ ಮೀಸಲಾಗಿದ್ದ ಕಾವಲು ಎಂಬ ಹುಲ್ಲುಗಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಮಾಡಿದ್ದರು. ಅದೇ ಕಾವಲುಗಳ ಚೂರುಪಾರಿನಲ್ಲೇ ಇವತ್ತು ನಮ್ಮ ಬಯಲುಸೀಮೆಯ ಎಷ್ಟೋ ಕೃಷ್ಣಮೃಗಗಳು ಬದುಕಿಕೊಂಡಿವೆ. ಕಡೂರು ಕಡೆಯ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿಗೆ 2007ರಲ್ಲೇ ಆ ಹೆಸರು ಬಂದಿತ್ತು, ಬರೀ 798 ಎಕರೆ. ಇಷ್ಟು ಸಣ್ಣ ಜಾಗದಲ್ಲಿ ಜಿಂಕೆ ಉಳಿಯಬೇಕಾದರೆ ಸುತ್ತಲಿನ ಗೋಮಾಳಗಳೂ ಚೆನ್ನಾಗಿರಬೇಕು ಅಲ್ವಾ? ಅದಕ್ಕೇ ಈ ಲೇಖನ.

ಮೊದಲು ನಡೆದು ನೋಡಿ

ಸ್ವಾತಿ ಮಳೆ ಮುಗಿದ ಮೇಲೆ, ನವೆಂಬರ್ ಮೊದಲ ವಾರದಲ್ಲಿ, ಕುರಿ ಕಾಯುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಗೋಮಾಳವನ್ನು ಅಡ್ಡಡ್ಡ ನಡೆಯಿರಿ. ಒಬ್ಬರೇ ಹೋಗಬೇಡಿ, ಅವರ ಕಣ್ಣಿಗೆ ಕಾಣುವುದು ನಮಗೆ ಕಾಣುವುದಿಲ್ಲ. ತಂಗಡಿ, ಬಂದರಿಕೆ ಗಿಡ ಎಷ್ಟಿವೆ ನೋಡಿ. ದನ ಕುರಿ ಇವೆರಡನ್ನೂ ಮುಟ್ಟುವುದಿಲ್ಲ, ಹಾಗಾಗಿ ಮೇವು ಸವೆದ ಕಡೆ ಇವೇ ಹೆಚ್ಚುತ್ತವೆ. ಎಲ್ಲಿ ಕಾಲಿಟ್ಟರೂ ತಂಗಡಿ ಹೂವೇ ಕಂಡರೆ ಆ ಜಾಗ ದಣಿದಿದೆ ಅಂತ ಅರ್ಥ. ಕಾಂಗ್ರೆಸ್ ಕಳೆ, ಬಳ್ಳಾರಿ ಜಾಲಿ ನುಗ್ಗಿದ ಜಾಗವನ್ನೂ ಗುರುತು ಮಾಡಿಕೊಳ್ಳಿ. ಜಾಲಿಯನ್ನು ಬೇರುಸಹಿತ ತೆಗೆಯಬೇಕು, ಬುಡ ಬಿಟ್ಟು ಕಡಿದರೆ ಎರಡರಷ್ಟು ಚಿಗುರುತ್ತದೆ.

ಹುಲ್ಲಿನ ಬುಡವನ್ನೂ ನೋಡಿ. ನನಗೆ ಇದನ್ನು ಕಲಿಸಿದ್ದು ವಯಸ್ಸಾದ ಒಬ್ಬ ಕುರಿಗಾಹಿ. ಒಂದು ಗುಂಪು ಹುಲ್ಲನ್ನು ಬೆರಳಲ್ಲಿ ಅಗಲಿಸಿ, ನೆಲಕ್ಕೆ ಅಂಟಿಕೊಂಡ ಬಿಳಿ ಭಾಗವನ್ನು ಉಗುರಿಂದ ಒತ್ತಿ ತೋರಿಸಿದರು. ಸ್ವಲ್ಪ ನೀರಾಡಿತು. ‘ಇದು ಹುಲ್ಲಿನ ಹಗೇವು ಕಣಪ್ಪ, ಇದನ್ನ ತೆಗೆದು ತಿನ್ನಿಸಿಬಿಟ್ರೆ ಮುಂದಿನ ಮಳೆಗೆ ಬಿತ್ತೋದು ಏನನ್ನ?’ ಅಂದರು. ಹಗೇವು ಅಂದರೆ ಕಾಳು ಕೂಡಿಡುವ ನೆಲದೊಳಗಿನ ಗುಂಡಿ. ಆಮೇಲೆ ತಮ್ಮ ನಾಲ್ಕು ಬೆರಳು ಜೋಡಿಸಿ ನೆಲದ ಮೇಲೆ ಅಡ್ಡ ಇಟ್ಟರು. ಹುಲ್ಲು ಅಷ್ಟು ಎತ್ತರಕ್ಕೆ ಬಂದರೆ ಮಂದೆ ಮುಂದಕ್ಕೆ ಹೊಡೆಯಬೇಕು. ನಾನು ಆಮೇಲೆ ಎಷ್ಟೋ ಕಡೆ ಓದಿದ್ದೇನೆ, ಇದಕ್ಕಿಂತ ಸುಲಭದ ಅಳತೆ ಸಿಕ್ಕಿಲ್ಲ.

ಹುಲ್ಲು ತೂಗಿ

ನಾಲ್ಕು ಕೋಲು ಕಟ್ಟಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು ಮಾಡಿಕೊಳ್ಳಿ. ಹುಲ್ಲು ದಟ್ಟವಾಗಿರುವ ಕಡೆ ಮಾತ್ರ ಇಡಬಾರದು, ಅಲ್ಲೇ ಎಲ್ಲರೂ ತಪ್ಪುವುದು. ನೂರು ಹೆಜ್ಜೆಗೊಂದು ಸಲ, ಎಲ್ಲಿ ಬಂತೋ ಅಲ್ಲಿ ಇಡಿ, ಬರಡು ಬಿದ್ದಿದ್ದರೂ ಸರಿ. ಚೌಕಟ್ಟಿನ ಒಳಗಿನ ಹುಲ್ಲು ಕೊಯ್ದು, ಚೀಲಕ್ಕೆ ಹಾಕಿ, ಗರಿಗರಿ ಆಗುವವರೆಗೆ ಬಿಸಿಲಲ್ಲಿ ಒಣಗಿಸಿ ತೂಗಿ. ನಾವು ಮೊದಲ ವರ್ಷ ಹಸಿ ತೂಕಕ್ಕೇ ಲೆಕ್ಕ ಹಾಕಿದೆವು. ಮಾರ್ಚ್ ಬರುವಷ್ಟರಲ್ಲಿ ಗೋಮಾಳ ಬೋಳಾಗಿ ಕಷ್ಟಕ್ಕೆ ಸಿಕ್ಕಿದೆವು.

ಹತ್ತು ಹದಿನೈದು ಕಡೆಯ ಸರಾಸರಿ 120 ಗ್ರಾಂ ಬಂತು ಅಂದುಕೊಳ್ಳಿ. ಎಕರೆಗೆ ಸುಮಾರು 4,000 ಚದರ ಮೀಟರ್, ಅಂದರೆ 480 ಕಿಲೋ. ಗೋಮಾಳ 100 ಎಕರೆ ಇದ್ದರೆ 48,000 ಕಿಲೋ. ಕೇಳೋಕೆ ದೊಡ್ಡ ರಾಶಿ. ಇದರಲ್ಲಿ ಅರ್ಧವನ್ನು ಮುಟ್ಟಲೇಬಾರದು, ಅದು ಹಗೇವಿನ ಪಾಲು, ಮಣ್ಣಿಗೆ ಹೊದಿಕೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗೂ ಮರೆ. ಉಳಿದ 24,000 ಕಿಲೋದಲ್ಲಿ ಅರ್ಧದಷ್ಟು ತುಳಿತಕ್ಕೆ, ಗೆದ್ದಲಿಗೆ, ಗಾಳಿಗೆ ಹೋಗುತ್ತದೆ ಅಂತ ಹಿಡಿಯಿರಿ. ಬಾಯಿಗೆ ಹೋಗುವುದು 12,000 ಕಿಲೋ.

ಯಾರಿಗೆ ಎಷ್ಟು?

ಜಿಂಕೆಗಳನ್ನು ಮೂರು ದಿನ ಬೆಳಗಿನ ಜಾವ ಎಣಿಸಿ. 20 ಸಿಕ್ಕವು ಅನ್ನಿ. ಮೂವತ್ತು, ಮೂವತ್ತೈದು ಕಿಲೋ ತೂಗುವ ಒಂದು ಜಿಂಕೆಗೆ ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಒಣ ಮೇವು ಬೇಕು. ಕುರಿಗೂ ಅಷ್ಟೇ. ನಾಟಿ ಹಸುವಿಗೆ ಸುಮಾರು ಆರು ಕಿಲೋ. ನವೆಂಬರಿಂದ ಮೇ ಕೊನೆವರೆಗೆ 210 ದಿನ. ಜಿಂಕೆಗಳ ಪಾಲು 4,200 ಕಿಲೋ. ಅದನ್ನು ಮೊದಲೇ ತೆಗೆದಿಡಿ. ಉಳಿಯುವ 7,800 ಕಿಲೋದಲ್ಲಿ 37 ಕುರಿ ಸಾಕಬಹುದು, ಇಲ್ಲವೇ 6 ಹಸು.

ಇಷ್ಟೇನಾ ಅಂತ ಬೇಜಾರಾಗುತ್ತದೆ, ನನಗೂ ಆಗಿತ್ತು. ಆದರೆ ನಮ್ಮ ಕುರುಬರು ಬೇಸಿಗೆಗೆ ಯಾಕೆ ಊರು ಬಿಡುತ್ತಾರೆ ಅಂತ ಈ ಲೆಕ್ಕ ಹಾಕಿದ ಮೇಲೇ ನನಗೆ ಸರಿಯಾಗಿ ಅರ್ಥವಾಗಿದ್ದು. ಸುಗ್ಗಿ ಮುಗಿಯುತ್ತಿದ್ದ ಹಾಗೆ ಅವರು ಮಂದೆ ಹೊಡೆದುಕೊಂಡು ನೀರಾವರಿ ಸೀಮೆಗೆ ಹೋಗುತ್ತಾರೆ, ಅಲ್ಲಿ ಕೂಳೆ ಮೇಯಿಸಿ, ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿ, ಗೊಬ್ಬರಕ್ಕೆ ಪ್ರತಿಯಾಗಿ ಕಾಳೋ ಕಾಸೋ ಪಡೆದು, ಮುಂಗಾರು ಹಿಡಿದ ಮೇಲೆ ವಾಪಸ್ ಬರುತ್ತಾರೆ. ಅವರು ಹೋದಾಗಲೇ ಕಾವಲು ಉಸಿರಾಡುವುದು. ಈಗ ದಾರಿಯಲ್ಲಿ ತಂಗಲು ಬಿಡುವವರು ಕಡಿಮೆ, ಕುರಿ ಕಳ್ಳತನ ಬೇರೆ. ಹಾಗಾಗಿ ಎಷ್ಟೋ ಮಂದೆಗಳು ಊರಲ್ಲೇ ಉಳಿಯುತ್ತಿವೆ, ಬೇಸಿಗೆಯ ಹುಲ್ಲು ಜನವರಿಯಲ್ಲೇ ಮುಗಿಯುತ್ತಿದೆ. ಜಿಂಕೆ ಉಳಿಯಲಿ ಅನ್ನುವವರು ಮೊದಲು ಕೇಳಬೇಕಾದ್ದು ಕುರಿಗಾಹಿಗೆ ದಾರಿ, ನೀರು, ರಾತ್ರಿ ತಂಗಲು ಜಾಗ.

ಮೂರು ಪಾಲು ಮಾಡಿ

ಬೇಲಿ ಬೇಡ. ತಂತಿಬೇಲಿಗೆ ಸಿಕ್ಕಿ ಜಿಂಕೆ ಸಾಯುತ್ತವೆ. ಕಲ್ಲಿಗೆ ಸುಣ್ಣ ಬಳಿದು ನೆಟ್ಟರೆ ಸಾಕು. ಒಂದು ಪಾಲಿಗೆ ಮಳೆಗಾಲ ಪೂರ್ತಿ ಮಂದೆ ಬಿಡಬೇಡಿ, ಬೀಜ ಉದುರುವವರೆಗೆ. ಅದೇ ನಿಮ್ಮ ಬೇಸಿಗೆ ಕಾವಲು. ಉಳಿದ ಎರಡರಲ್ಲಿ ಅದಲುಬದಲು ಮಾಡಿ ಮೇಯಿಸಿ. ಮುಂದಿನ ವರ್ಷ ಬಿಡುವು ಬೇರೆ ಪಾಲಿಗೆ. ಜಿಂಕೆ ಕಲ್ಲು ನೋಡಿ ನಿಲ್ಲುವುದಿಲ್ಲ, ನಿಜ, ಮೂರರಲ್ಲೂ ಓಡಾಡುತ್ತವೆ. ಓಡಾಡಲಿ, ಅವುಗಳ ಪಾಲು ಆಗಲೇ ತೆಗೆದಿಟ್ಟಾಗಿದೆ. ಇದನ್ನೆಲ್ಲ ಗ್ರಾಮಸಭೆಯಲ್ಲಿ ಕೂತು ತೀರ್ಮಾನಿಸಿ, ಬರೆದಿಡಿ. ಅರಣ್ಯ ಇಲಾಖೆಯ ಜಾಗವಾದರೆ ಅವರನ್ನು ಕೇಳದೆ ಏನೂ ಮಾಡುವ ಹಾಗಿಲ್ಲ.

ಹೊಸ ಹುಲ್ಲು ಬೇಗ ಚಿಗುರಲಿ ಅಂತ ಫೆಬ್ರವರಿಯಲ್ಲಿ ಬೆಂಕಿ ಇಡುವವರಿದ್ದಾರೆ. ಬೇಸಿಗೆ ಕಾವಲಿಗೆ ಬೆಂಕಿ ಬಿದ್ದರೆ ಇಡೀ ವರ್ಷದ ಉಳಿತಾಯ ಒಂದು ಮಧ್ಯಾಹ್ನದಲ್ಲಿ ಹೋಯಿತು. ಗಿಡ ನೆಡುವುದೂ ಬೇಡ. ಬಯಲನ್ನು ‘ಪಾಳು’ ಅಂದುಕೊಂಡು ಜೆಸಿಬಿಯಲ್ಲಿ ಗುಂಡಿ ತೋಡಿ ಸಸಿ ನೆಡುವುದನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. 1974ರಲ್ಲಿ ಕೃಷ್ಣಮೃಗಕ್ಕಾಗಿಯೇ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯದಲ್ಲೂ ನೀಲಗಿರಿ ನೆಡುತೋಪು ಎಬ್ಬಿಸಿದ್ದಾರೆ. ದೂರದವರೆಗೆ ಕಣ್ಣು ಹಾಯುವ ಬಯಲಿದ್ದರೇ ಜಿಂಕೆಗೆ ತೋಳ ಬಂದದ್ದು ಗೊತ್ತಾಗುವುದು.

ನೀರು, ನಾಯಿ, ರೋಗ

ನೀರಿನ ತೊಟ್ಟಿ ಎರಡಿರಲಿ, ದೂರ ದೂರ. ಒಂದೇ ಇದ್ದರೆ ಮಂದೆಗೆ ಮಧ್ಯಾಹ್ನ ಕುಡಿಸಿ, ಸಂಜೆ ನಾಲ್ಕರ ಮೇಲೆ ಅಲ್ಲಿ ಜನ ಸುಳಿಯದಿರಲಿ. ಜಿಂಕೆಗಳು ಆಗ ಬರುತ್ತವೆ. ಒಂದು ಬದಿ ಇಳಿಜಾರಾಗಿರಲಿ, ಮರಿ ಬಿದ್ದರೆ ಹತ್ತಿ ಬರಬೇಕು.

ನಾಯಿಯ ವಿಷಯಕ್ಕೆ ಬಂದರೆ, ಒಂದು ಬೆಳಗ್ಗೆ ನಾನು ಹೆಜ್ಜೆ ಎತ್ತಿಟ್ಟ ಕಡೆಯಿಂದ ಎರಡು ಗೇಣು ದೂರದಲ್ಲಿ ಹುಟ್ಟಿ ಒಂದೆರಡು ದಿನದ ಜಿಂಕೆ ಮರಿ ಮಲಗಿತ್ತು. ಕಿವಿ ಹಿಂದಕ್ಕೆ ಮಡಚಿ, ಗದ್ದ ನೆಲಕ್ಕೆ ಒತ್ತಿ, ಕಣ್ಣು ಮಾತ್ರ ತೆರೆದು. ಉಸಿರಾಡುವಾಗ ಪಕ್ಕೆ ಅಲುಗದಿದ್ದರೆ ಮಣ್ಣಿನ ಹೆಂಟೆ ಅಂದುಕೊಳ್ಳುತ್ತಿದ್ದೆ. ಮೊದಲ ಕೆಲವು ದಿನ ಮರಿ ಓಡುವುದಿಲ್ಲ, ಹೀಗೆ ಅಡಗುವುದೇ ಅದಕ್ಕೆ ಗೊತ್ತಿರುವ ಉಪಾಯ. ನಾಯಿಯ ಮೂಗಿನ ಮುಂದೆ ಅದು ನಡೆಯುವುದಿಲ್ಲ. ಹಟ್ಟಿ ನಾಯಿ ತೋಳ ಕಾಯಲು ಬೇಕೇ ಬೇಕು, ಆದರೆ ಮಂದೆಯ ಪಕ್ಕದಲ್ಲೇ ಇರಲಿ, ಎಳೆಮರಿಗಳಿರುವ ಕಡೆ ಕೊರಳಿಗೆ ಹಗ್ಗ ಹಾಕಿ. ಕೋಳಿ ಅಂಗಡಿಯ ಕಸವನ್ನು ಗೋಮಾಳದ ಅಂಚಿಗೆ ಸುರಿಯುವುದನ್ನು ಊರಿನವರು ನಿಲ್ಲಿಸಿದರೆ ಬೀದಿನಾಯಿಯ ಕಾಟ ಅರ್ಧ ತಗ್ಗುತ್ತದೆ.

ಕುರಿ ಮೇಕೆಗೆ ಹಿರೇಬೇನೆ, ಅಂದರೆ ಪಿಪಿಆರ್ ಲಸಿಕೆ, ದನಕ್ಕೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಬೇನೆ ಲಸಿಕೆ ಹಾಕಿಸಿ. ಮಂಗೋಲಿಯಾದಲ್ಲಿ 2016-17ರ ಚಳಿಗಾಲ ಹಿರೇಬೇನೆ ಕುರಿ ಮೇಕೆಗಳಿಂದ ಸೈಗಾ ಎಂಬ ಹುಲ್ಲೆಗಳಿಗೆ ಅಂಟಿ ಸಾವಿರಾರು ಸತ್ತವು. ಸಂತೆಯಿಂದ ತಂದ ಕುರಿಯನ್ನು ಮೂರು ವಾರ ಬೇರೆ ಕಟ್ಟಿ ಮೇಯಿಸಿ.

ಅಂಚಿನ ಹೊಲದವರು

ಇವರನ್ನು ಬಿಟ್ಟು ಏನು ಮಾತಾಡಿದರೂ ಅನ್ಯಾಯ. ಗೋಮಾಳದ ಪಕ್ಕ ಎರಡು ಎಕರೆ ಇರುವವರ ಶೇಂಗಾ, ರಾಗಿ ಮೊಳಕೆ ಒಂದೇ ರಾತ್ರಿಗೆ ಹೋಗುತ್ತದೆ. ಬದುವಿನಲ್ಲಿ ಹರಳು ಹಾಕಿ ನೋಡಿ, ಅದರ ಎಲೆ ಪ್ರಾಣಿಗಳಿಗೆ ಸೇರುವುದಿಲ್ಲ. ಹಿಂಗಾರಿಯಲ್ಲಿ ಕುಸುಬೆಯ ಮುಳ್ಳಿನ ಸಾಲು ಕೂಡ ತಡೆಯುತ್ತದೆ. ಬೆಳೆ ಹೋದರೆ ಅದೇ ದಿನ ಫೋಟೊ ತೆಗೆದು ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಓದುಬರಹ ಬರುವವರು ಅವರ ಪರವಾಗಿ ಬರೆದುಕೊಡಿ. ವಿದ್ಯುತ್ ತಂತಿ, ಉರುಳು ಮಾತ್ರ ಬೇಡವೇ ಬೇಡ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅಂದರೆ ಕಾನೂನಿನ ಅತಿ ಬಿಗಿ ರಕ್ಷಣೆ ಇರುವ ಪ್ರಾಣಿ.

ಮೊದಲ ಮಳೆಯ ಇಪ್ಪತ್ತು ದಿನ

ಇದೇ ಎಲ್ಲಕ್ಕಿಂತ ಕಷ್ಟದ ಹಂತ. ರೋಹಿಣಿ ಮಳೆ ಬಿದ್ದು ನೆಲ ಹಸಿರಾದ ಕೂಡಲೇ ಮಂದೆ ಬಿಡೋಣ ಅನ್ನಿಸುತ್ತದೆ, ನಾಲ್ಕು ತಿಂಗಳು ಒಣಮೇವು ತಿಂದ ಪ್ರಾಣಿಗಳೂ ಹಗ್ಗ ಜಗ್ಗುತ್ತವೆ. ಆ ಹಸಿರು ಹಗೇವಿನ ಕೊನೆಯ ಕಾಳಿನಿಂದ ಬಂದದ್ದು. ಆಗ ಕಚ್ಚಿದರೆ ಹುಲ್ಲು ಮತ್ತೆ ಏಳುವುದು ಕಷ್ಟ. ನಾಲ್ಕು ಬೆರಳು ದಾಟುವವರೆಗೆ, ಸುಮಾರು ಇಪ್ಪತ್ತು ದಿನ, ಕಟ್ಟಿಯೇ ಮೇಯಿಸಬೇಕು. ಅದಕ್ಕೆ ಒಂದು ಹಸುವಿಗೆ 120 ಕಿಲೋ, ಒಂದು ಕುರಿಗೆ 20 ಕಿಲೋ ಒಣಮೇವು ಬೇಕು. ಸುಗ್ಗಿಯಲ್ಲಿ ಬಣವೆ ಒಟ್ಟುವಾಗಲೇ ಇಷ್ಟನ್ನು ಅಳೆದು ಬೇರೆ ಒಟ್ಟಿ, ಮೇಲೆ ಟಾರ್ಪಾಲು ಹೊದಿಸಿ, ರೋಹಿಣಿ ಬರುವವರೆಗೆ ಯಾರೂ ಕೈ ಹಾಕದ ಹಾಗೆ ಮನೆಯಲ್ಲಿ ಹೇಳಿಡಿ.