ಸತ್ತ ಜೇನಿನ ನಾಲಿಗೆ ನೋಡಿ

ಕಳೆದ ವರ್ಷ ಸೂರ್ಯಕಾಂತಿ ಹೂಬಿಟ್ಟಾಗ ಪಕ್ಕದ ಹೊಲದವರು ಬೆಳಿಗ್ಗೆ 10ಕ್ಕೆ ಔಷಧ ಹೊಡೆದರು. ಸಂಜೆಗೆ ನನ್ನ ಮೆಲ್ಲಿಫೆರಾ (ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನು) ಪೆಟ್ಟಿಗೆ ಮುಂದೆ ಜೇನು ರಾಶಿ ಬಿದ್ದಿದ್ದವು, ನಾಲಿಗೆ ಹೊರಚಾಚಿಕೊಂಡು. ಕರುಳು ಚುರುಕ್ ಅಂದಿತು. ಹೀಗೆ ಕಂಡರೆ ಮೊದಲು ವಿಷದ ಮೇಲೇ ಅನುಮಾನ ಪಡಿ. ಹೂವಿರುವಾಗ ಹೊಡೆಯಬೇಡಿ ಅಂತ ಅಕ್ಕಪಕ್ಕದವರನ್ನು ಮೊದಲೇ ಕೇಳಿಕೊಳ್ಳಿ. ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ.

ರೆಕ್ಕೆ ಮುದುಡಿದ ಎಳೆಜೇನು ತೆವಳುತ್ತಿದ್ದರೆ ಜೇನಿನ ಮೈಗೆ ಅಂಟಿ ಬದುಕುವ ವರೋವಾ ನುಸಿ ಇರಬಹುದು. ಮರಿಗಳಿರುವ ಎರಿಯಿಂದ (ಮೇಣದ ಹಲ್ಲೆಯಿಂದ) ಅರ್ಧ ಕಪ್ ಜೇನು, ಅಂದರೆ ಸುಮಾರು 300, ಜಾಲರಿ ಮುಚ್ಚಳದ ಡಬ್ಬಿಗೆ ಹಾಕಿ. ರಾಣಿ ಸೇರಬಾರದು, ಜೋಪಾನ! ಎರಡು ಚಮಚ ಸಕ್ಕರೆ ಪುಡಿ ಉದುರಿಸಿ, ಮೆಲ್ಲಗೆ ಉರುಳಿಸಿ, ಬಿಳಿ ತಟ್ಟೆಯ ಮೇಲೆ ಅಲ್ಲಾಡಿಸಿ. ರಾಗಿಕಾಳಿನಂಥ ಕೆಂಗಂದು ನುಸಿ ಉದುರುತ್ತವೆ. 9ಕ್ಕಿಂತ ಜಾಸ್ತಿ ಇದ್ದರೆ ತಡಮಾಡದೆ ಚಿಕಿತ್ಸೆ ಶುರುಮಾಡಿ. ಸಕ್ಕರೆ ಮೆತ್ತಿದ ಜೇನನ್ನು ಪೆಟ್ಟಿಗೆಗೆ ವಾಪಸ್ ಬಿಡಿ.