ಗುಂಡಿ ಹಾಕೋಕೆ 20 ನಿಮಿಷ

ನಾನು ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವವನು. ಕೌಲ್ ಬಜಾರ್ ಕಡೆಯ ಯೂನಿಟ್ಟುಗಳಲ್ಲಿ 22 ವರ್ಷ ಮಿಷನ್ ಮುಂದೆ ಕೂತಿದ್ದೇನೆ. ಜೇಬು, ಜಿಪ್ಪು, ಬೆಲ್ಟಿನ ಪಟ್ಟಿ, ಯಾವುದು ಕೊಟ್ಟರೂ ಕಣ್ಣು ಮುಚ್ಚಿ ಹೊಲಿಯುತ್ತಿದ್ದೆ. ಒಂದು ಬೆಳಿಗ್ಗೆ ಟೀ ಲೋಟ ಬಲಗೈಯಿಂದ ಜಾರಿಬಿತ್ತು. ಕೈ ಜೋಮು ಹಿಡಿದಿರಬೇಕು ಅಂದುಕೊಂಡೆ. ಬಾಯಿ ವಾರೆಯಾಗಿದ್ದನ್ನು ಅವ್ವ ನೋಡಿದಳು.

ಲಕ್ವ ಅಂತ ಓಣಿಯವರಿಗೆಲ್ಲ ಗೊತ್ತಾಯಿತು. ಒಬ್ಬರು ಪಾರಿವಾಳದ ರಕ್ತ ಹಚ್ಚಿ ಅಂದರು. ಇನ್ನೊಬ್ಬರು ಎಣ್ಣೆ ಕೊಡುವ ಊರಿನ ಹೆಸರು ಹೇಳಿದರು. 108ಕ್ಕೆ ಫೋನ್ ಮಾಡುವುದು ಬಿಟ್ಟು ಆಟೋ ಹತ್ತಿ ಎಣ್ಣೆಯ ಊರಿಗೇ ಹೋದೆವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ 7 ಗಂಟೆ ಕಳೆದಿತ್ತು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಿತ್ತಂತೆ. ಬಿಪಿ ಗುಳಿಗೆಯನ್ನು ನಾನು 4 ತಿಂಗಳ ಹಿಂದೆಯೇ ಬಿಟ್ಟಿದ್ದೆ. ತಲೆಸುತ್ತಿಲ್ಲ, ನೋವಿಲ್ಲ, ಸುಮ್ನೆ ದುಡ್ಡು ಯಾಕೆ ಅಂತ. ತಪ್ಪು ಯಾರದು ಅಂತ ಹುಡುಕಲು ದೂರ ಹೋಗಬೇಕಾಗಿಲ್ಲ.

ಆಸ್ಪತ್ರೆಯ ದಿನಗಳು ಅರ್ಧಂಬರ್ಧ ನೆನಪಿವೆ. ಮೂಗಿನಲ್ಲಿ ನಳಿಕೆ. ಅದನ್ನು ತೆಗೆದ ಮೇಲೆ ಮೊದಲು ಕೊಟ್ಟಿದ್ದು ಗಟ್ಟಿ ಗಂಜಿ. ನೀರು ಕೊಡಲಿಲ್ಲ. ಗಂಜಿ ಗಂಟಲಲ್ಲಿ ನಿಧಾನಕ್ಕೆ ಇಳಿಯುತ್ತೆ, ನೀರು ಓಡಿಹೋಗಿ ಶ್ವಾಸದ ಕಡೆ ನುಗ್ಗುತ್ತೆ ಅಂತ ನರ್ಸ್ ಹೇಳಿದರು. ಬಳ್ಳಾರಿ ಬೇಸಿಗೆಯಲ್ಲಿ ಗಂಟಲು ಒಣಗಿ ಮಲಗಿದವನಿಗೆ ಇದನ್ನು ಒಪ್ಪಿಸಿ ನೋಡಿ!

ಆ ನೀರನ್ನು ಬಾಯಿಬಿಟ್ಟು ಕೇಳಲೂ ಆಗುತ್ತಿರಲಿಲ್ಲ. 'ನೀರು' ಅನ್ನಲು ಹೋದರೆ 'ನೂಲು' ಅಂತ ಬರುತ್ತಿತ್ತು. ತಟ್ಟೆಗೂ ನೂಲು, ಮಗಳಿಗೂ ನೂಲು. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದರೆ ಬಲಗಡೆಯ ಕೈಕಾಲಿನ ಜೊತೆ ಮಾತೂ ಹೋಗಬಹುದಂತೆ. ವಿಚಿತ್ರ ಅಂದರೆ, ಮಗಳ ಹೆಸರು ಬಾರದ ಬಾಯಲ್ಲಿ ಎರಡರ ಮಗ್ಗಿ ಪೂರ್ತಿ ಬಂತು. ಬಾಯಿಪಾಠವಾಗಿದ್ದು ಬೇಗ ಹೊರಡುತ್ತೆ ಅಂತ ಮಾತು ಕಲಿಸುವ ಮೇಡಂ ಅಂದರು. ಅವತ್ತಿಂದ ಮಗಳು ದಿನಾ ಸಂಜೆ ಮಗ್ಗಿ, ವಾರಗಳ ಹೆಸರು ಹೇಳಿಸಿದಳು. ನಾನು ಅವಳಿಗೆ ಬೈದು ಕಲಿಸಿದ ಮಗ್ಗಿ ಅದು. ಅವಳು ಒಂದು ಸಲವೂ ಬೈಯಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲರಿಗೂ ನನ್ನನ್ನು ಎತ್ತುವುದೇ ಕೆಲಸ. ಭಾವಮೈದ ಬಲಗಂಕುಳಲ್ಲಿ ಕೈ ಹಾಕಿ ಒಂದೇ ಏಟಿಗೆ ನಿಲ್ಲಿಸಿಬಿಡುತ್ತಿದ್ದ. ಪ್ರೀತಿಯೇ, ಬೇರೇನಲ್ಲ. ಎರಡು ವಾರದಲ್ಲಿ ಭುಜದ ಕೀಲು ಕೆಳಕ್ಕೆ ಜಾರಿತು. ಆ ನೋವಿಗೆ ರಾತ್ರಿ ನಿದ್ದೆ ಇಲ್ಲ. ಫಿಸಿಯೋ ಮೇಡಂ ಬಂದು ಭುಜ ಮುಟ್ಟಿ ನೋಡಿದರು. ಮಾಂಸಖಂಡ ಸೋತಾಗ ಕೈಯ ಭಾರಕ್ಕೇ ಕೀಲು ಜಗ್ಗಿರುತ್ತದೆ, ಅದರ ಮೇಲೆ ಕಂಕುಳಿಂದ ಎತ್ತಿದರೆ ಇನ್ನೇನಾಗುತ್ತೆ? ಕೂತಾಗ ಕೈಯ ಕೆಳಗೆ ದಿಂಬು ಇಡಿ, ಏಳಿಸುವಾಗ ಸೊಂಟ ಹಿಡಿಯಿರಿ ಅಂದರು. ನನ್ನ ಹೆಂಡತಿಗೆ ಹೇಳಿದ್ದು ಬೇರೆಯೇ. 'ಅಕ್ಕಾ, ನೀವು ಎತ್ತಬ್ಯಾಡ್ರಿ. ಕಾಯ್ರಿ. ಅವರೇ ಏಳಬೇಕು.'

ಸೊಂಟ ಹಿಡಿಯಲು ಬೆಲ್ಟ್ ಬೇಕಿತ್ತು. ಹೆಂಡತಿ ಮೂಲೆಯಲ್ಲಿದ್ದ ಡೆನಿಮ್ ತುಂಡು ತೆಗೆದು ಎರಡು ಪದರ ಮಾಡಿ, ಎರಡು ಕಡೆ ಹಿಡಿ ಇಟ್ಟು ಹೊಲಿದಳು. ಹೊಲಿಗೆ ಸ್ವಲ್ಪ ಸೊಟ್ಟ. ಹೇಳಲು ನನಗೆ ಮಾತು ಬರುತ್ತಿರಲಿಲ್ಲ, ಅವಳ ಪುಣ್ಯ.

ಏಳುವುದಕ್ಕೂ ಒಂದು ವಿದ್ಯೆ ಇದೆ. ಕುರ್ಚಿಯನ್ನು ಗೋಡೆಗೆ ಆನಿಸಬೇಕು. ಪಾದವನ್ನು ಮೊಣಕಾಲಿಗಿಂತ ಹಿಂದಕ್ಕೆ ಎಳೆದುಕೊಳ್ಳಬೇಕು. ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಗ್ಗಬೇಕು. ಆಗ ಕುಂಡೆ ತಾನೇ ಮೇಲೇಳುತ್ತೆ. ಬೆಳಿಗ್ಗೆ 10 ಸಲ, ಸಂಜೆ 10 ಸಲ. ಹೆಂಡತಿ ಬೆಲ್ಟಿನ ಹಿಡಿ ಹಿಡಿದು ಹಿಂದೆ ನಿಲ್ಲುತ್ತಿದ್ದಳು. ವಾಲಿದರೆ ಮಾತ್ರ ಜಗ್ಗುತ್ತಿದ್ದಳು.

ಅವಳಿಗೆ ನಿಜವಾಗಿ ಕಷ್ಟವಾಗಿದ್ದು ಅಂಗಿ. ಸೋತ ಕೈಗೆ ತೋಳು ಮೊದಲು, ಬಿಚ್ಚುವಾಗ ಅದು ಕೊನೆಗೆ. ಇಷ್ಟನ್ನು ಬೇಗ ಕಲಿತೆ. ಗುಂಡಿ ಬರಲಿಲ್ಲ. ಕೆಳಗಿನಿಂದ ಶುರು ಮಾಡಿ, ಅದು ಕಣ್ಣಿಗೆ ಕಾಣುತ್ತೆ ಅಂದಿದ್ದರು ಮೇಡಂ. ಬಲಗೈ ಬಟ್ಟೆಯನ್ನು ಒತ್ತಿ ಹಿಡಿಯಬೇಕು, ಎಡಗೈ ಕಾಜಾದೊಳಗೆ ಗುಂಡಿ ತೂರಿಸಬೇಕು. ಬಲಗೈ ಹೆಬ್ಬೆರಳು ಜಾರಿದರೆ ಮತ್ತೆ ಮೊದಲಿಂದ. ನಾಲ್ಕು ಗುಂಡಿಗೆ 20 ನಿಮಿಷ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅವಳ ಕೈ ಎರಡು ಸಲ ಮುಂದೆ ಬಂದು ಹಿಂದೆ ಹೋಯಿತು. ಮಾರನೇ ದಿನ ಅವಳು ದಾರ ಕತ್ತರಿಸುವ ಪ್ಯಾಂಟಿನ ಗಂಟು ತಂದು ನನ್ನೆದುರು ಕೂತಳು. ನಾನು ಗುಂಡಿ ಹಾಕುವಷ್ಟು ಹೊತ್ತೂ ಅವಳು ತಲೆ ಎತ್ತದೆ ಕಟ್ಟರ್‌ನಿಂದ ಟಕ್ ಟಕ್ ದಾರ ಕತ್ತರಿಸಿದಳು. ಕೈಗೆ ಕೆಲಸ ಕೊಟ್ಟುಕೊಂಡು ಕಾದಳು ಅಲ್ವಾ, ಆ ಸದ್ದು ಈಗಲೂ ಕಿವಿಯಲ್ಲಿದೆ.

ಗುಂಡಿ ಬದಲು ಅಂಟುವ ಪಟ್ಟಿ ಹಾಕಿಸೋಣ ಅಂತ ಅಣ್ಣ ಅಂದ. ಬೇರೆಯವರಿಗೆ ಅದು ಒಳ್ಳೆಯ ಉಪಾಯವೇ. ನಾನು ಟೇಲರ್ ಮಾರಾಯ್ರೇ, ನನಗಾಗಲಿಲ್ಲ.

ಊಟದಲ್ಲಿ ಉಪ್ಪು ಕಮ್ಮಿಯಾಯಿತು. ಅವ್ವ ಉಪ್ಪಿನಕಾಯಿ ಡಬ್ಬಿಯನ್ನು ಅಟ್ಟಕ್ಕೇರಿಸಿ ತಾನೂ ತಿನ್ನುವುದು ಬಿಟ್ಟಳು. ಮಂಡಕ್ಕಿ ಒಗ್ಗರಣೆಗೆ ಮಿರ್ಚಿ ಇಲ್ಲ. ಮುಂಜಾನೆ ಐದೂವರೆಗೆ, ಬಿಸಿಲು ಏಳುವ ಮೊದಲು, ಕೋಟೆ ಗುಡ್ಡ ಕಾಣುವ ತಿರುವಿನ ತನಕ ನಡಿಗೆ. ಹವಾಯಿ ಚಪ್ಪಲಿ ಬಂದ್, ಹಿಂದೆ ಪಟ್ಟಿ ಇರುವುದೇ ಆಗಬೇಕು.

ಒಂದು ವಿಷಯ ಗಂಡಸರು ಹೇಳುವುದಿಲ್ಲ. ಮೂರನೇ ತಿಂಗಳಲ್ಲಿ ನಾನು ಅಳಲು ಶುರು ಮಾಡಿದೆ. ಟಿವಿಯಲ್ಲಿ ಸೋಪಿನ ಜಾಹೀರಾತು ಬಂದರೂ ಅಳು. ವ್ಯಾಯಾಮ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗಿದೆ. ಮನಸ್ಸು ಗಟ್ಟಿ ಮಾಡ್ಕೋ ಅಂತ ಬಂದವರೆಲ್ಲ ಹೇಳಿ ಹೋದರು. ಇದೂ ಲಕ್ವದ್ದೇ ಭಾಗ, ಬಹಳ ಜನರಿಗೆ ಬರುತ್ತೆ ಅಂತ ಡಾಕ್ಟರ್ ಗುಳಿಗೆ ಬರೆದರು. ತಗೊಂಡೆ. ಕೆಲವು ವಾರಕ್ಕೆ ಮತ್ತೆ ಕುರ್ಚಿಗೆ ಬಂದೆ. ಮೊದಲ ಕೆಲವು ತಿಂಗಳಲ್ಲೇ ಸುಧಾರಣೆ ಜಾಸ್ತಿ ಅನ್ನುತ್ತಾರೆ, ಅದರಲ್ಲಿ ಒಂದಿಷ್ಟನ್ನು ಹೀಗೆ ಕಳೆದುಕೊಂಡೆ ಅನ್ನೋ ಬೇಜಾರು ಇದೆ. ಆದರೆ ಆಮೇಲೆ ನಿಂತುಹೋಗುತ್ತೆ ಅನ್ನೋದು ಸುಳ್ಳು. ನನ್ನ ಹೆಬ್ಬೆರಳು ಮತ್ತು ತೋರುಬೆರಳು ಒಂದಕ್ಕೊಂದು ಸರಿಯಾಗಿ ಮುಟ್ಟಿದ್ದು ಒಂಬತ್ತನೇ ತಿಂಗಳಲ್ಲಿ.

ಈಗ 14 ತಿಂಗಳು. ಯೂನಿಟ್ಟಿಗೆ ಅರ್ಧ ದಿನ ಹೋಗುತ್ತೇನೆ, ಚೆಕಿಂಗ್ ಕೆಲಸ. ಮಿಷನ್ ಮೇಲೆ ನೇರ ಹೊಲಿಗೆ ಬರುತ್ತೆ, ಜಿಪ್ಪು ಬರಲ್ಲ. ಪೆಡಲ್ ಎಷ್ಟು ಒತ್ತಿದೆ ಅಂತ ಬಲಗಾಲಿಗೆ ಸರಿಯಾಗಿ ಗೊತ್ತಾಗಲ್ಲ, ಮಿಷನ್ ಗರ್ ಅಂತ ಓಡಿಬಿಡುತ್ತೆ. ಡೆನಿಮ್ ಬೆಲ್ಟನ್ನು ಬಿಚ್ಚಿ ಮತ್ತೆ ಹೊಲಿದು, ಲಕ್ವ ಹೊಡೆದ ಇನ್ನೊಬ್ಬರ ಮನೆಗೆ ಕೊಟ್ಟೆ.

ನಾಲ್ಕು ಗುಂಡಿಗೆ ಈಗ 3 ನಿಮಿಷ. ಕತ್ತಿನ ಗುಂಡಿ ಮಾತ್ರ ಇನ್ನೂ ಬಂದಿಲ್ಲ. ಬಳ್ಳಾರಿ ಬಿಸಿಲಲ್ಲಿ ಅದನ್ನು ಯಾರು ಹಾಕ್ತಾರೆ ಬಿಡಿ.